ನೀರು ನಿಲ್ಲುವ ತಗ್ಗು ಹಿತ್ತಲಿಗೆ ಬೇಲಿ ಗಿಡಗಳ ಆಯ್ಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯಲ್ಲಿ ಹಿತ್ತಲಿಗೆ ಬೇಲಿ ಹಾಕುವುದೆಂದರೆ ಸಾಮಾನ್ಯವಾಗಿ ಮುಂಗಾರು ಹಿಡಿದ ಮೇಲೆ ನೆರೆಯವರ ಬೇಲಿಯಿಂದ ಒಂದು ಹೊರೆ ಕಡ್ಡಿ ತಂದು ಸಾಲಾಗಿ ಊರುವುದು. ಎತ್ತರದ ಕೆಂಪು ನೆಲದಲ್ಲಿ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಕೆರೆಯ ಕೆಳಗೆ, ನಾಲೆಯ ಬದಿಯಲ್ಲಿ, ಗದ್ದೆಬಯಲಿಗೆ ಅಂಟಿಕೊಂಡಿರುವ ಮನೆಗಳ ಹಿತ್ತಲಿನಲ್ಲಿ ಅದೇ ಕಡ್ಡಿ ಜೂನ್ ತಿಂಗಳಲ್ಲಿ ಚಿಗುರಿ, ಆಗಸ್ಟ್‌ನಲ್ಲಿ ಹಳದಿಯಾಗಿ, ದೀಪಾವಳಿಯ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಮಾರನೆಯ ವರ್ಷ ಮತ್ತೆ ನಾಟಿ, ಮತ್ತೆ ಅದೇ ಗತಿ.

ಇಡೀ ಬೇಲಿ ಸಾಯುವುದಿಲ್ಲ ಎಂಬುದನ್ನು ಗಮನಿಸಬೇಕು. ಅತಿ ತಗ್ಗಿನ ಹತ್ತು ಹದಿನೈದು ಅಡಿ ಮಾತ್ರ ಸಾಯುತ್ತದೆ. ದನ, ಆಡು, ಹಂದಿ ಒಳಕ್ಕೆ ನುಗ್ಗಲು ಅಷ್ಟು ಕಂಡಿ ಸಾಕು. ಒಂದು ರಾತ್ರಿಯಲ್ಲಿ ಮೂರು ವರ್ಷದ ತೆಂಗಿನ ಸಸಿ, ಬಾಳೆ ಕಂದು, ತರಕಾರಿ ಮಡಿ ಎಲ್ಲವೂ ಹಾಳಾಗುತ್ತವೆ. ಬೇಲಿಯ ಬೆಲೆ ಅದರ ಅತ್ಯಂತ ದುರ್ಬಲವಾದ ಜಾಗದಷ್ಟೇ. ಆದುದರಿಂದ ತಗ್ಗು ಹಿತ್ತಲಿಗೆ ಸುತ್ತಲೂ ಒಂದೇ ಜಾತಿಯ ಗಿಡ ಹಾಕುವ ಪದ್ಧತಿಯನ್ನು ಬಿಟ್ಟು, ಯಾವ ಜಾಗದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಿ, ಆ ಜಾಗಕ್ಕೆ ಒಗ್ಗುವ ಗಿಡವನ್ನು ಆರಿಸಬೇಕು. ಅದನ್ನು ಹೇಗೆ ಮಾಡಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಸೀಮೆಯ ತಗ್ಗು ನೆಲಗಳು

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ದಕ್ಷಿಣ ಅರೆಮಲೆನಾಡು ವಲಯಕ್ಕೆ ಸೇರಿವೆ. ಕೆ.ಆರ್. ನಗರ ದಕ್ಷಿಣ ಒಣ ವಲಯದಲ್ಲಿದೆ. ಕೆ.ಆರ್. ನಗರದಿಂದ ಬೇರ್ಪಟ್ಟ ಸಾಲಿಗ್ರಾಮ, ಎಚ್.ಡಿ. ಕೋಟೆಯಿಂದ ಬೇರ್ಪಟ್ಟ ಸರಗೂರು ಈಗ ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ನೆಲದ ಗುಣ ಬದಲಾಗಿಲ್ಲ. ದಿಣ್ಣೆಯ ಮೇಲೆ ಬೇಗ ನೀರು ಇಂಗುವ ಕೆಂಪು ಮರಳುಮಿಶ್ರಿತ ಮಣ್ಣು, ಇಳಿಜಾರಿನ ಬುಡದಲ್ಲಿ ಜಿಗುಟಾದ ಎರೆ ಅಥವಾ ಮೆಕ್ಕಲು ಮಣ್ಣು. ಒಂದೇ ಊರಿನಲ್ಲಿ ನೂರು ಗಜದ ಅಂತರದಲ್ಲಿ ಎರಡೂ ಸಿಗುತ್ತವೆ.

ತಗ್ಗು ಹಿತ್ತಲಿಗೆ ನೀರು ಮೂರು ದಾರಿಯಿಂದ ಬರುತ್ತದೆ.

ಮೊದಲನೆಯದು ಮಳೆಯ ನೀರು. ಪಿರಿಯಾಪಟ್ಟಣ ಮತ್ತು ಹುಣಸೂರಿನ ಹೊಗೆಸೊಪ್ಪಿನ ಹೊಲಗಳ ಇಳಿಜಾರಿನಿಂದ ಹರಿದುಬಂದ ನೀರು ಬುಡದ ಮನೆಗಳ ಹಿತ್ತಲಿನಲ್ಲಿ ನಿಲ್ಲುತ್ತದೆ. ಇದು ಮಳೆ ನಿಂತ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಎರಡನೆಯದು ಬಸಿಯುವ ನೀರು. ಕೆ.ಆರ್. ನಗರದ ಚಾಮರಾಜ ಮತ್ತು ಮಿರ್ಲೆ ನಾಲೆಗಳು, ಹುಣಸೂರಿನ ಹನಗೋಡು ಕಟ್ಟೆಯ ನಾಲೆ, ಪಿರಿಯಾಪಟ್ಟಣದ ಕಡೆ ಹಾರಂಗಿ ನಾಲೆ, ಇವುಗಳ ಕೆಳಗಿನ ಹಿತ್ತಲುಗಳಲ್ಲಿ ಮಳೆಯಿಲ್ಲದಿದ್ದರೂ ನಾಲೆಗೆ ನೀರು ಬಿಟ್ಟ ಕೆಲವೇ ದಿನಗಳಲ್ಲಿ ನೆಲ ಒದ್ದೆಯಾಗುತ್ತದೆ. ಕೆರೆ ಏರಿಯ ಹಿಂಬದಿಯ ಮನೆಗಳದೂ ಇದೇ ಸ್ಥಿತಿ. ಮೇಲೆ ನೀರು ಕಾಣಿಸದಿದ್ದರೂ ಒಂದು ಅಡಿ ಕೆಳಗೆ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ಬೇಲಿಗೆ ಹೆಚ್ಚು ಅಪಾಯಕಾರಿಯಾದುದು ಇದೇ.

ಮೂರನೆಯದು ಹೊಳೆಯ ನೀರು. ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲಾ ನದಿಗಳ ದಡದ ಹಿತ್ತಲುಗಳಿಗೆ ನೆರೆ ಬಂದಾಗ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಮತ್ತು ಕಪಿಲಾ ಉಕ್ಕಿದುದನ್ನು ಹುಣಸೂರು, ಎಚ್.ಡಿ. ಕೋಟೆಯ ರೈತರು ಮರೆತಿಲ್ಲ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿದ ಎಡತೊರೆಯ ಜನರಿಗಾಗಿ 1920ರ ದಶಕದಲ್ಲಿ ಎತ್ತರದ ನೆಲ ನೋಡಿ ಕಟ್ಟಿದ ಊರೇ ಕೃಷ್ಣರಾಜನಗರ. ಊರನ್ನು ಎತ್ತರಕ್ಕೆ ಸಾಗಿಸಬಹುದು, ಹಿತ್ತಲನ್ನು ಸಾಗಿಸಲಾಗದು. ಇದ್ದ ಜಾಗದಲ್ಲೇ ಅದಕ್ಕೆ ಉಪಾಯ ಮಾಡಬೇಕು.

ನೀರಿನಲ್ಲಿ ಗಿಡ ಸಾಯುವುದೇಕೆ?

ಎಲೆಗೆ ಹೇಗೋ ಹಾಗೆ ಬೇರಿಗೂ ಉಸಿರಾಟಕ್ಕೆ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿ ಈ ಗಾಳಿ ಇರುತ್ತದೆ. ನೀರು ನಿಂತಾಗ ಸಂದುಗಳೆಲ್ಲ ನೀರಿನಿಂದ ತುಂಬಿ, ಗಾಳಿ ಹೊರಗೆ ಹೋಗುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹೀಗಾಗಿ ಎಳೆಯ ಬೇರುಗಳು ಉಸಿರುಗಟ್ಟಿ ಸಾಯುತ್ತವೆ. ಸತ್ತ ಬೇರಿನ ಮೂಲಕ ಕೊಳೆ ರೋಗದ ಶಿಲೀಂಧ್ರಗಳು ಒಳಸೇರುತ್ತವೆ.

ಇದನ್ನು ನಮ್ಮ ರೈತರು ಬೇರೆ ಬೆಳೆಗಳಲ್ಲಿ ಕಂಡೇ ಇದ್ದಾರೆ. ಹೊಗೆಸೊಪ್ಪಿನ ಹೊಲದಲ್ಲಿ ಒಂದು ದಿನ ನೀರು ನಿಂತರೆ ಗಿಡ ಜೋತುಬೀಳುತ್ತದೆ. ಶುಂಠಿ ಮಡಿಯಲ್ಲಿ ನೀರು ಬಸಿಯದಿದ್ದರೆ ಗೆಡ್ಡೆ ಕೊಳೆಯುತ್ತದೆ. ಅದೇ ನೀರಿನಲ್ಲಿ ಬತ್ತ ಹುಲುಸಾಗಿ ಬೆಳೆಯುತ್ತದೆ. ಬತ್ತದ ಕಾಂಡ ಮತ್ತು ಬೇರಿನ ಒಳಗೆ ಗಾಳಿ ಇಳಿಯುವ ನಾಳಗಳಿರುವುದೇ ಇದಕ್ಕೆ ಕಾರಣ. ಬೇಲಿ ಗಿಡಗಳಲ್ಲಿಯೂ ಶುಂಠಿಯಂಥವು ಕೆಲವು, ಬತ್ತದಂಥವು ಕೆಲವು, ನಡುವಿನವು ಹಲವು ಇವೆ. ಆಯ್ಕೆ ಎಂದರೆ ಇವನ್ನು ಗುರುತಿಸುವುದೇ.

ಇನ್ನೊಂದು ಮಾತು. ನೀರು ನಿಂತ ಜಾಗದಲ್ಲಿ ಗಿಡ ಹಳದಿಯಾದಾಗ ಗೊಬ್ಬರ ಸಾಲದೆಂದು ಕೆಲವರು ಯೂರಿಯಾ ಹಾಕುತ್ತಾರೆ. ಬೇರು ಸತ್ತಿರುವಾಗ ಗೊಬ್ಬರವನ್ನು ಹೀರುವವರಾರು? ಹಾಕಿದ ಸಾರಜನಕದಲ್ಲಿ ಒಂದು ಪಾಲು ಅನಿಲವಾಗಿ ಹಾರಿಹೋಗುತ್ತದೆ. ಅಲ್ಲಿ ಬೇಕಾದುದು ಗೊಬ್ಬರವಲ್ಲ, ನೀರು ಹೋಗಲು ದಾರಿ.

ಮೊದಲು ನೆಲದ ಪರೀಕ್ಷೆ

ಬೇಲಿಯ ಸಾಲನ್ನು ಬೇಸಿಗೆಯಲ್ಲಿ ನೋಡಿದರೆ ನೆಲವೆಲ್ಲ ಒಂದೇ ಆಗಿ ಕಾಣುತ್ತದೆ. ಆಗಸ್ಟ್ ತಿಂಗಳಲ್ಲಿ, ಆಶ್ಲೇಷ ಅಥವಾ ಮಘೆ ಮಳೆ ಸುರಿದ ಮಾರನೆಯ ದಿನ ಹಿತ್ತಲ ಸುತ್ತ ನಡೆದು ನೋಡಬೇಕು. ನೀರು ನಿಂತ ಕಡೆಗಳಲ್ಲಿ ಗೂಟ ಹೊಡೆದು, ಅದು ಇಂಗಲು ಎಷ್ಟು ದಿನ ಹಿಡಿಯಿತೆಂಬುದನ್ನು ಗುರುತು ಹಾಕಿಕೊಳ್ಳಬೇಕು.

ಇದರ ಜೊತೆಗೆ ಬೇಲಿಯ ಸಾಲಿನಲ್ಲಿ ಮೂರು ನಾಲ್ಕು ಕಡೆ ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಬೇಕು. ಒಂದು ದಿನದೊಳಗೆ ನೀರು ಇಂಗಿದರೆ ಆ ಜಾಗ ಪರವಾಗಿಲ್ಲ. ಮಾರನೆಯ ದಿನವೂ ನೀರಿದ್ದರೆ ಬಸಿಯುವಿಕೆ ಕಡಿಮೆ. ನೀರು ಹಾಕುವ ಮೊದಲೇ ಗುಂಡಿಯ ಪಕ್ಕಗಳಿಂದ ನೀರು ಒಸರಿದರೆ ಅದು ಬಸಿ ನೀರಿನ ಜಾಗ.

ಗುಂಡಿಯ ಮಣ್ಣಿನ ಬಣ್ಣವನ್ನೂ ನೋಡಬೇಕು. ಒಂದೇ ಸಮನಾದ ಕೆಂಪು ಅಥವಾ ಕಂದು ಬಣ್ಣವಿದ್ದರೆ ಗಾಳಿಯಾಡುತ್ತಿದೆ ಎಂದರ್ಥ. ಬೂದು ಬಣ್ಣದ ನಡುವೆ ತುಕ್ಕಿನಂಥ ಚುಕ್ಕೆಗಳಿದ್ದರೆ ವರ್ಷದಲ್ಲಿ ಕೆಲವು ತಿಂಗಳು ನೀರು ನಿಲ್ಲುತ್ತದೆ. ಪೂರ್ತಿ ಬೂದು ಬಣ್ಣವಿದ್ದು ಕೊಳೆತ ವಾಸನೆ ಬಂದರೆ ಅದು ಸದಾ ಜೌಗು. ತಾನಾಗಿ ಬೆಳೆದ ಗಿಡಗಳೂ ಸಾಕ್ಷಿ ಹೇಳುತ್ತವೆ. ಜೇಕು, ಒಂದೆಲಗ ಹಬ್ಬಿದ್ದರೆ ತೇವ ಹೆಚ್ಚು. ಜೊಂಡು ಬೆಳೆದಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಹೀಗೆ ನೋಡಿ ಬೇಲಿಯ ಸಾಲನ್ನು ಮೂರು ವರ್ಗ ಮಾಡಬಹುದು.

1. ಮೇಲು ಭಾಗ: ನೀರು ಒಂದು ದಿನದೊಳಗೆ ಇಂಗುವುದು.
2. ನಡು ಭಾಗ: ಎರಡು ದಿನದಿಂದ ಹತ್ತು ದಿನದವರೆಗೆ ನಿಲ್ಲುವುದು.
3. ತಳ ಭಾಗ: ವಾರಗಟ್ಟಲೆ ನಿಲ್ಲುವುದು, ಇಲ್ಲವೆ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಒಸರುವುದು.

ದಿಂಡು ಮತ್ತು ಬಸಿಗಾಲುವೆ

ಗಿಡದ ಆಯ್ಕೆ ಎಷ್ಟೇ ಸರಿಯಾಗಿದ್ದರೂ ನಡು ಭಾಗ ಮತ್ತು ತಳ ಭಾಗಗಳಲ್ಲಿ ಸಪಾಟು ನೆಲದಲ್ಲಿ ನೆಡಬಾರದು. ಬೇಲಿಯ ಸಾಲಿನ ಒಳಮಗ್ಗುಲಲ್ಲಿ ಕಾಲುವೆ ತೆಗೆದು, ಆ ಮಣ್ಣನ್ನೇ ಸಾಲಿನ ಮೇಲೆ ದಿಂಡಾಗಿ ಹಾಕಬೇಕು. ಕಾಲುವೆಯ ಮೇಲಗಲ 2 ಅಡಿ, ತಳದ ಅಗಲ 1 ಅಡಿ, ಆಳ ಒಂದೂವರೆ ಅಡಿ ಇದ್ದರೆ 100 ಅಡಿ ಉದ್ದಕ್ಕೆ 225 ಘನ ಅಡಿ ಮಣ್ಣು ಸಿಗುತ್ತದೆ. ಬುಡ 3 ಅಡಿ, ತಲೆ 1 ಅಡಿ ಅಗಲವಿರುವ, 1 ಅಡಿ ಎತ್ತರದ ದಿಂಡಿಗೆ ಇಷ್ಟು ಮಣ್ಣು ಸಾಕು. ಗಿಡದ ಬೇರಿಗೆ ಆ ಒಂದು ಅಡಿ ಎತ್ತರವೇ ಜೀವ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ದಿಂಡಿನ ಬುಡ ಗಡಿಯಿಂದ ಕನಿಷ್ಠ 2 ಅಡಿ ಒಳಗೆ ಇರಬೇಕು. ಗಡಿಯ ವಿಷಯದಲ್ಲಿ ಅನುಮಾನವಿದ್ದರೆ ಬೇಲಿ ಹಾಕುವ ಮೊದಲೇ ಹದ್ದುಬಸ್ತು ಮಾಡಿಸಿಕೊಳ್ಳುವುದು ಒಳ್ಳೆಯದು, ಬೆಳೆದ ಬೇಲಿಯನ್ನು ಕೀಳುವುದು ಯಾರಿಗೂ ಸುಲಭವಲ್ಲ. ಎರಡನೆಯದಾಗಿ, ಕಾಲುವೆಯ ನೀರನ್ನು ಹಳ್ಳ ಅಥವಾ ಸರ್ಕಾರಿ ಬಸಿಗಾಲುವೆಗೆ ಸೇರಿಸಬೇಕೇ ಹೊರತು ನೆರೆಯವರ ಹಿತ್ತಲಿಗೆ ಬಿಡಬಾರದು. ಮೂರನೆಯದಾಗಿ, ದಿಂಡಿಗೆ ಮಣ್ಣು ಸಾಲದೆ ಹೊರಗಿನಿಂದ ತರುವುದಾದರೆ ಶುಂಠಿ ಕೊಳೆತ ತಾಕಿನ ಮಣ್ಣನ್ನು ತರಬಾರದು.

ನೀಲಗಿರಿಯಂಥ ಮರ ನೆಟ್ಟರೆ ನೀರನ್ನೆಲ್ಲ ಹೀರಿ ನೆಲ ಒಣಗುತ್ತದೆಂಬ ನಂಬಿಕೆಯುಂಟು. ಮಳೆಗಾಲದ ಮೋಡದ ದಿನಗಳಲ್ಲಿ ಯಾವ ಮರವೂ ಹೆಚ್ಚು ನೀರನ್ನು ಹೊರಹಾಕುವುದಿಲ್ಲ. ಬಸಿಗಾಲುವೆಯ ಕೆಲಸವನ್ನು ಮರದಿಂದ ಮಾಡಿಸಲಾಗದು.

ಮೇಲು ಭಾಗಕ್ಕೆ ಗಿಡಗಳು

ಗ್ಲಿರಿಸಿಡಿಯಾ: ನಮ್ಮ ಕಡೆ ಗೊಬ್ಬರದ ಗಿಡವೆಂದೇ ಹೆಸರಾಗಿದೆ. ಹೆಬ್ಬೆರಳು ಗಾತ್ರಕ್ಕಿಂತ ದಪ್ಪನಾದ, 3ರಿಂದ 4 ಅಡಿ ಉದ್ದದ ಬಲಿತ ಕಡ್ಡಿಗಳನ್ನು ಊರಬೇಕು. ವರ್ಷಕ್ಕೆ ಎರಡು ಮೂರು ಬಾರಿ ಸೊಪ್ಪು ಕಡಿದು ಗದ್ದೆಗೆ ಹಾಕಬಹುದು. ಬುಡದಲ್ಲಿ ನೀರು ನಿಂತರೆ ಸಹಿಸುವುದಿಲ್ಲವಾದುದರಿಂದ ಮೇಲು ಭಾಗಕ್ಕೆ ಮಾತ್ರ ಸೂಕ್ತ. ಎಳೆಯ ಚಿಗುರನ್ನು ಆಡುಗಳು ತಿನ್ನುವುದರಿಂದ ಮೊದಲ ವರ್ಷ ಒಣಮುಳ್ಳಿನ ಕಾವಲು ಬೇಕು.

ಆಡುಸೋಗೆ: ಇದನ್ನು ದನವಾಗಲಿ ಆಡಾಗಲಿ ಮುಟ್ಟುವುದಿಲ್ಲ. ಬುಡದಿಂದಲೇ ಒತ್ತಾಗಿ ಕವಲೊಡೆಯುವುದರಿಂದ ಗ್ಲಿರಿಸಿಡಿಯಾದ ಕಡ್ಡಿಗಳ ನಡುವಿನ ಸಂದು ಮುಚ್ಚಲು ಒಳ್ಳೆಯದು. ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ.

ಕಳ್ಳಿ, ಕತ್ತಾಳೆ: ಒಣ ನೆಲದಲ್ಲಿ ಇವಕ್ಕೆ ಸಾಟಿಯಿಲ್ಲ. ಆದರೆ ತೇವದಲ್ಲಿ ಬುಡವೇ ಕೊಳೆಯುತ್ತದೆ. ಬೇಲಿಗೆಂದು ನೆಡುವ ಕಾಡು ಹರಳಿನ ಗುಣವೂ ಇದೇ. ಇವನ್ನು ಮೇಲು ಭಾಗ ಬಿಟ್ಟು ಕೆಳಗೆ ತರಬಾರದು.

ನಡು ಭಾಗಕ್ಕೆ ಗಿಡಗಳು

ಲಕ್ಕಿ: ನಮ್ಮ ನಾಲ್ಕೂ ತಾಲ್ಲೂಕುಗಳ ತಗ್ಗು ಹಿತ್ತಲಿಗೆ ಮೊದಲ ಸ್ಥಾನ ಕೊಡಬೇಕಾದ ಗಿಡ ಲಕ್ಕಿ. ಹಳ್ಳದ ದಂಡೆ, ಕೆರೆ ಏರಿಯ ಬದಿ, ನಾಲೆಯ ಅಂಚಿನಲ್ಲಿ ತಾನಾಗಿ ಬೆಳೆಯುವುದನ್ನು ಎಲ್ಲರೂ ಕಂಡಿದ್ದಾರೆ. ಕೆಲವು ದಿನ ಬುಡ ನೀರಿನಲ್ಲಿದ್ದರೂ ಚೇತರಿಸಿಕೊಳ್ಳುತ್ತದೆ, ಬೇಸಿಗೆಯ ಒಣಹವೆಯನ್ನೂ ತಡೆಯುತ್ತದೆ. ಎಲೆಯ ಘಾಟಿನಿಂದಾಗಿ ದನಗಳು ಮೇಯುವುದಿಲ್ಲ. ಕೊಂಬೆ ಬಳುಕುವುದರಿಂದ ನೆರೆಯ ಸೆಳೆತಕ್ಕೆ ಬಾಗಿ ಮತ್ತೆ ಏಳುತ್ತದೆ. ಸೊಪ್ಪನ್ನು ಧಾನ್ಯದ ಜೊತೆ ಇಡುವುದು, ನೆಗಡಿಗೆ ಹಬೆ ತೆಗೆದುಕೊಳ್ಳುವುದು, ಕಡ್ಡಿಯಿಂದ ಬುಟ್ಟಿ ಹೆಣೆಯುವುದು ಹಳ್ಳಿಗಳಲ್ಲಿ ರೂಢಿಯಲ್ಲಿದೆ. ಪೆನ್ಸಿಲ್ ಗಾತ್ರದ, ಒಂದೂವರೆ ಅಡಿ ಉದ್ದದ ಕಡ್ಡಿಗಳನ್ನು ದಿಂಡಿನ ಮೇಲೆ ಎರಡು ಸಾಲಿನಲ್ಲಿ, ಒಂದು ಅಡಿ ಅಂತರದಲ್ಲಿ, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಸಂದಿಗೆ ಬರುವಂತೆ ಊರಬೇಕು.

ಹೊಂಗೆ: ಹೊಳೆಯ ದಂಡೆಯ ಮರ. ಬೇರು ನೀರಿನಲ್ಲಿದ್ದರೂ ಬದುಕಬಲ್ಲದು. ಮರವಾಗಿ ಬಿಡಬಹುದು, ಇಲ್ಲವೆ 2ರಿಂದ 3 ಅಡಿ ಅಂತರದಲ್ಲಿ ಒತ್ತಾಗಿ ನೆಟ್ಟು ಸವರುತ್ತಾ ಬೇಲಿಯಾಗಿಯೂ ಬೆಳೆಸಬಹುದು. ಇದರ ಸೊಪ್ಪು ಬತ್ತದ ಗದ್ದೆಗೆ ಹಳೆಯ ಕಾಲದಿಂದ ಬಂದ ಹಸಿರೆಲೆ ಗೊಬ್ಬರ, ಹಿಂಡಿಯೂ ಗೊಬ್ಬರವೇ. ಹೊಸ ಬೀಜವನ್ನು ಚೀಲದಲ್ಲಿ ಬಿತ್ತಿ, ಒಂದು ವರ್ಷದ ಸಸಿಯನ್ನು ನೆಡುವುದು ಲೇಸು.

ಹಾಲುವಾಣ: ಕೊಡಗಿನ ಗಡಿಯ ಪಿರಿಯಾಪಟ್ಟಣ, ಹುಣಸೂರಿನ ಊರುಗಳಲ್ಲಿ ಬೇಲಿ ಗೂಟವಾಗಿ ಹೆಚ್ಚು ಬಳಕೆಯಲ್ಲಿದೆ. ದಪ್ಪ ಕೊಂಬೆಯನ್ನು ಊರಿದರೂ ಚಿಗುರುತ್ತದೆ. ಆದರೆ 2005-06ರಿಂದೀಚೆಗೆ ದಕ್ಷಿಣ ಭಾರತದಲ್ಲಿ ಕಾಣಿಸಿಕೊಂಡ ಗಂಟು ಕಣಜದ ಹಾವಳಿಯಿಂದ ಎಲೆ ಮತ್ತು ಚಿಗುರು ಗಂಟುಗಟ್ಟಿ ಮರಗಳು ಸೊರಗುತ್ತಿವೆ. ಆದುದರಿಂದ ಹಾಲುವಾಣವೊಂದನ್ನೇ ನಂಬಿ ಬೇಲಿ ಮಾಡಬಾರದು. ಅಲ್ಲೊಂದು ಇಲ್ಲೊಂದು ಗೂಟಕ್ಕೆ ಅಡ್ಡಿಯಿಲ್ಲ.

ಹೆಬ್ಬಿದಿರು: ಬಿದಿರಿನಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಮುಳ್ಳಿರುವ ಹೆಬ್ಬಿದಿರು ಹೊಳೆ ದಂಡೆಯ ತೇವದ ಮೆಕ್ಕಲಿಗೆ ಒಗ್ಗುತ್ತದೆ. ಗಟ್ಟಿ ಗಳುವಿನ ಕಿರುಬಿದಿರು ನೀರು ಬಸಿಯುವ ಒಣ ಗುಡ್ಡದ ಗಿಡ, ಅದನ್ನು ಜೌಗಿಗೆ ತಂದರೆ ಸೊರಗುತ್ತದೆ. ಹೆಬ್ಬಿದಿರಿನ ಮೆಳೆ ಹಬ್ಬುವುದರಿಂದ ಅರ್ಧ ಎಕರೆಗಿಂತ ಚಿಕ್ಕ ಹಿತ್ತಲಿಗೆ ಸೂಕ್ತವಲ್ಲ. ಕಾಡಿನ ಅಂಚಿನ ಊರುಗಳಲ್ಲಿ ಆನೆಗೆ ಬಿದಿರು ಪ್ರಿಯವಾದ ಮೇವೆಂಬುದನ್ನೂ ಮರೆಯಬಾರದು. ಹೊಲದಲ್ಲಿ ಬೆಳೆದ ಬಿದಿರನ್ನು 2017ರ ಅರಣ್ಯ ಕಾಯಿದೆಯ ತಿದ್ದುಪಡಿಯು ‘ಮರ’ ಎಂಬ ಅರ್ಥವಿವರಣೆಯಿಂದ ಕೈಬಿಟ್ಟಿದೆ.

ತಳ ಭಾಗಕ್ಕೆ ಗಿಡಗಳು

ಕೇದಗೆ: ನೀರಿನ ಅಂಚೇ ಇದರ ಮನೆ. ಎಲೆಯ ಎರಡೂ ಅಂಚಿನಲ್ಲಿ ಮತ್ತು ನಡುನರದಲ್ಲಿ ಮುಳ್ಳಿರುವುದರಿಂದ ಬೆಳೆದ ಮೆಳೆಯನ್ನು ದನ, ಹಂದಿ ದಾಟಲಾರವು. ಊರುಬೇರುಗಳು ದಂಡೆಯ ಮಣ್ಣನ್ನು ಹಿಡಿದಿಡುತ್ತವೆ. ಬುಡದ ಮರಿಗಳನ್ನು ಬಿಡಿಸಿ 4 ಅಡಿಗೊಂದರಂತೆ ನೆಡಬೇಕು. ನಿಧಾನವಾಗಿ ಬೆಳೆಯುವ ಗಿಡವಾದುದರಿಂದ ಬೇಲಿ ಮುಚ್ಚಿಕೊಳ್ಳಲು ಮೂರು ವರ್ಷವಾದರೂ ಬೇಕು. ಕೇದಗೆಯ ಮೆಳೆಯಲ್ಲಿ ಹಾವು ಇರುತ್ತದೆಂದು ಕೆಲವರು ಹಿಂಜರಿಯುತ್ತಾರೆ. ಹೂವಿನ ವಾಸನೆಗೆ ಹಾವು ಬರುವುದಿಲ್ಲ, ಬುಡದಲ್ಲಿ ಕಸ ಸೇರಿ ಇಲಿ, ಕಪ್ಪೆ ಹೆಚ್ಚಿದರೆ ಯಾವ ಬೇಲಿಗೂ ಬರುತ್ತದೆ. ಒಣಗಿದ ಎಲೆಯನ್ನು ವರ್ಷಕ್ಕೆರಡು ಬಾರಿ ಕೊಯ್ದು ಬುಡವನ್ನು ಸ್ವಚ್ಛವಾಗಿಡಬೇಕು. ಆದರೂ ಮನೆಯ ಬಾಗಿಲಿಗೆ, ಮಕ್ಕಳು ಓಡಾಡುವ ದಾರಿಗೆ ಇದನ್ನು ಹತ್ತಿರ ನೆಡದಿರುವುದು ಒಳ್ಳೆಯದು.

ಲಾವಂಚ: ಇದು ದನವನ್ನು ತಡೆಯುವ ಬೇಲಿಯಲ್ಲ, ಬೇಲಿಯ ದಿಂಡನ್ನು ಕಾಯುವ ಬೇಲಿ. ಮಳೆಯ ನೀರಿಗೆ ದಿಂಡು ಕರಗಿದರೆ ಗಿಡಗಳೂ ಹೋದಂತೆಯೇ. ದಿಂಡಿನ ಅಂಚಿನಲ್ಲಿ ಅರ್ಧ ಅಡಿಗೊಂದರಂತೆ ಲಾವಂಚದ ಬುಡಗಳನ್ನು ನೆಟ್ಟರೆ ಬೇರು ನೇರವಾಗಿ ಆಳಕ್ಕೆ ಇಳಿದು ಮಣ್ಣನ್ನು ಬಿಗಿಹಿಡಿಯುತ್ತದೆ. ನಿಂತ ನೀರು, ಬೇಸಿಗೆ ಎರಡನ್ನೂ ತಡೆಯುವ ಹುಲ್ಲು ಇದು. ಮೈಸೂರಿನ ದಕ್ಷಿಣಕ್ಕಿರುವ ಗುಂಡ್ಲುಪೇಟೆಯ ಕಡೆ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚವನ್ನು ಬಳಸಿರುವುದು 1980ರ ದಶಕದಲ್ಲಿ ಹೊರದೇಶದ ಭೂಸಂರಕ್ಷಣಾ ತಜ್ಞರ ಗಮನವನ್ನೂ ಸೆಳೆಯಿತು. ನಮ್ಮ ಪಕ್ಕದ ಸೀಮೆಯ ಪದ್ಧತಿಯನ್ನು ಅನುಸರಿಸಲು ನಾವು ದೂರ ಹೋಗಬೇಕಾಗಿಲ್ಲ.

ಕರಿಜಾಲಿ: ಕೆರೆ ಅಂಗಳದಲ್ಲಿ ಮಳೆಗಾಲದ ನೀರನ್ನು ಸಹಿಸಿ ನಿಲ್ಲುವ ಮುಳ್ಳಿನ ಮರ. ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಜ್ಯದ ಅನೇಕ ಕೆರೆಗಳ ಅಂಗಳದಲ್ಲಿ ಇದನ್ನೇ ನೆಡಲಾಯಿತು. ಹಿತ್ತಲು ಗದ್ದೆ ಅಥವಾ ಕೆರೆಗೆ ತೆರೆದಿರುವ ಹೊರಬದಿಗೆ ಸೂಕ್ತ. ಮುಳ್ಳು ಕಾಲಿಗೆ ಚುಚ್ಚುವುದರಿಂದ ಗದ್ದೆಗೆ ಇಳಿಯುವ ದಾರಿಯ ಬದಿಯಲ್ಲಿ ಬೇಡ.

ಜೀನಂಗಿ ಮತ್ತು ಚೊಗಚೆ: ಕೇದಗೆ ಬೆಳೆಯುವವರೆಗಿನ ತಾತ್ಕಾಲಿಕ ಬೇಲಿಗೆ ಇವು ಯೋಗ್ಯ. ಇವುಗಳಲ್ಲಿ ಜೀನಂಗಿ ನೀರನ್ನು ಚೆನ್ನಾಗಿ ಸಹಿಸುತ್ತದೆ. ಬೀಜ ಬಿತ್ತಿದ ಮೊದಲ ವರ್ಷದಲ್ಲೇ ಆಳೆತ್ತರಕ್ಕೆ ಬೆಳೆದು, ಮೇವು ಮತ್ತು ಸೊಪ್ಪು ಕೊಟ್ಟು, ಕೆಲವು ವರ್ಷಗಳಲ್ಲಿ ಮುಗಿಯುತ್ತದೆ. ಶಾಶ್ವತ ಬೇಲಿಯೆಂದು ಇವನ್ನು ಎಣಿಸಬಾರದು.

ಇವುಗಳ ಜೊತೆಗೆ ತಳ ಭಾಗದ ಮೂಲೆಗಳಲ್ಲಿ 20 ಅಡಿಗೊಂದರಂತೆ ಹೊಳೆಮತ್ತಿ ಅಥವಾ ನೇರಳೆಯನ್ನು ಬೆಳೆಸಬಹುದು. ಎರಡೂ ನದಿದಂಡೆಯ ಮರಗಳು. ಮನೆಯ ಗೋಡೆ ಮತ್ತು ಬಾವಿಯಿಂದ ಕನಿಷ್ಠ 20 ಅಡಿ ದೂರವಿರಲಿ.

ಚೆನ್ನಾಗಿ ಬೆಳೆದರೂ ಬೇಡವಾದ ಗಿಡಗಳು

ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆ ಕೆಲವು ಗಿಡಗಳ ವಿಷಯದಲ್ಲಿ ಅಕ್ಷರಶಃ ನಿಜ.

ಕಣಗಿಲೆ ಮೂಲತಃ ಹಳ್ಳದ ದಂಡೆಯ ಗಿಡವಾದುದರಿಂದ ತೇವದಲ್ಲಿ ಸೊಗಸಾಗಿ ಬೆಳೆಯುತ್ತದೆ, ಹೂವೂ ಸಿಗುತ್ತದೆ. ಆದರೆ ಎಲೆ, ಕಾಂಡ, ಬೇರು, ಹೂ ಎಲ್ಲವೂ ಹೃದಯಕ್ಕೆ ಹಾನಿಮಾಡುವ ವಿಷ. ಸವರಿದ ಎಲೆ ಮೇವಿನೊಂದಿಗೆ ಬೆರೆತು ಒಂದು ಹಿಡಿಯಷ್ಟು ಹೊಟ್ಟೆಗೆ ಹೋದರೂ ಹಸು ಉಳಿಯುವುದು ಕಷ್ಟ. ದನ, ಮಕ್ಕಳು ಇರುವ ಹಿತ್ತಲಿಗೆ ಬೇಲಿಯಾಗಿ ಇದು ಬೇಡ.

ಐಪೋಮಿಯಾ ಕಾರ್ನಿಯಾ ಎಂಬ, ತಿಳಿ ನೇರಳೆ ಬಣ್ಣದ ತುತ್ತೂರಿ ಹೂವಿನ ಗಿಡವನ್ನು ಜೌಗಿಗೆ ಸುಲಭದ ಬೇಲಿಯೆಂದು ಕೆಲವರು ನೆಡುತ್ತಾರೆ. ಕಡ್ಡಿ ಬಿದ್ದಲ್ಲೆಲ್ಲ ಬೇರೂರಿ ಕೆರೆ ಅಂಗಳ ಮತ್ತು ಬಸಿಗಾಲುವೆಗಳನ್ನು ತುಂಬಿಬಿಡುತ್ತದೆ. ನೀರು ಹೋಗುವ ದಾರಿ ಮುಚ್ಚಿ ಹಿತ್ತಲು ಇನ್ನಷ್ಟು ಜೌಗಾಗುತ್ತದೆ. ಆಡುಗಳು ತಿನ್ನುವ ಚಟಕ್ಕೆ ಬಿದ್ದರೆ ನರಗಳ ರೋಗದಿಂದ ನರಳಿ ಸಾಯುತ್ತವೆ.

ಲಂಟಾನ ದನಗಳಿಗೆ ವಿಷ. ನಾಗರಹೊಳೆ, ಬಂಡೀಪುರ ಕಾಡುಗಳಲ್ಲಿ ಹಬ್ಬಿ ಹುಲ್ಲು ಬೆಳೆಯದಂತೆ ಮಾಡಿರುವ ಈ ಗಿಡವನ್ನು ಕಾಡಿನ ಅಂಚಿನ ರೈತರು ಕೈಯಾರೆ ನೆಡಬಾರದು. ಬಳ್ಳಾರಿ ಜಾಲಿಗೂ ಇದೇ ಮಾತು.

ನೆಡುವ ಕಾಲ

ಬೇಲಿಯನ್ನು ಜೂನ್-ಜುಲೈನಲ್ಲಿ ನೆಡಬೇಕೆಂಬುದು ಎತ್ತರದ ನೆಲದ ನಿಯಮ. ತಗ್ಗಿನಲ್ಲಿ ಆಗ ನೆಟ್ಟ ಕಡ್ಡಿಗೆ ಬೇರು ಬರುವ ಹೊತ್ತಿಗೇ ನೀರು ನಿಲ್ಲುತ್ತದೆ. ಬೇರಿಲ್ಲದ ಕಡ್ಡಿ ಲಕ್ಕಿಯೇ ಆಗಲಿ ಬದುಕುವುದಿಲ್ಲ.

ಆದುದರಿಂದ ಎರಡು ಕಾಲಗಳಲ್ಲಿ ಒಂದನ್ನು ಆರಿಸಬೇಕು. ಮೊದಲನೆಯದು ಮೇ ತಿಂಗಳು. ಭರಣಿ, ಕೃತ್ತಿಕೆ ಮಳೆ ಬಿದ್ದೊಡನೆ ದಿಂಡಿನ ಮೇಲೆ ನೆಟ್ಟು, ಮಳೆ ಬಿಡುವು ಕೊಟ್ಟರೆ ವಾರಕ್ಕೆರಡು ಬಾರಿ ಕೊಡದಿಂದ ನೀರು ಹಾಕಿದರೆ ಆಗಸ್ಟ್ ಹೊತ್ತಿಗೆ ಬೇರು ಆಳಕ್ಕೆ ಇಳಿದಿರುತ್ತದೆ. ಎರಡನೆಯದು ಅಕ್ಟೋಬರ್ ಕೊನೆ ಮತ್ತು ನವೆಂಬರ್. ಚಿತ್ತೆ ಮಳೆ ಮುಗಿದು ನೀರು ಇಳಿಯುವಾಗ ನೆಟ್ಟರೆ ನೆಲದ ತೇವವೇ ಎರಡು ಮೂರು ತಿಂಗಳು ಸಾಕಾಗುತ್ತದೆ. ಬಸಿ ನೀರಿನ ಹಿತ್ತಲುಗಳಲ್ಲಿ ನಾಲೆಗೆ ನೀರು ನಿಲ್ಲಿಸುವ ದಿನವನ್ನು ನೋಡಿಕೊಂಡು ಕಾಲುವೆ ತೋಡುವ ಕೆಲಸ ಮಾಡಬೇಕು. ಕೇದಗೆ ಮತ್ತು ಲಾವಂಚಕ್ಕೆ ಮಾತ್ರ ಜೂನ್ ತಿಂಗಳೂ ಆಗಬಹುದು.

ಕಡ್ಡಿಯ ಮೂರನೆಯ ಒಂದು ಭಾಗ ಮಣ್ಣಿನಲ್ಲಿರಬೇಕು. ಮೊದಲು ಗೂಟದಿಂದ ತೂತು ಮಾಡಿ, ಸಿಪ್ಪೆ ಸುಲಿಯದಂತೆ ಕಡ್ಡಿಯನ್ನು ಇಳಿಸಿ, ಸುತ್ತ ಮಣ್ಣನ್ನು ಕಾಲಿನಿಂದ ಒತ್ತಬೇಕು. ಹಸಿ ಸಗಣಿಯನ್ನು ಬುಡಕ್ಕೆ ಸುರಿಯಬಾರದು.

ಸವರುವಿಕೆ

ಬೇಲಿ ಬೇಗ ಎತ್ತರವಾಗಲೆಂದು ಮೊದಲ ವರ್ಷ ಕತ್ತರಿ ಮುಟ್ಟಿಸದಿರುವುದು ಸಾಮಾನ್ಯ ತಪ್ಪು. ಹೀಗೆ ಬಿಟ್ಟ ಬೇಲಿ ಮೇಲೆ ಕೊಡೆಯಂತೆ ಹರಡಿ, ಬುಡದಲ್ಲಿ ಬರಿದಾಗುತ್ತದೆ. ಹಂದಿ, ನಾಯಿ, ಕೋಳಿಗಳಿಗೆ ಬುಡವೇ ಬಾಗಿಲು. ಲಕ್ಕಿ ಮತ್ತು ಆಡುಸೋಗೆ ಎರಡಡಿ ಬೆಳೆದೊಡನೆ ಒಂದು ಅಡಿಗೆ ಕತ್ತರಿಸಬೇಕು. ಮತ್ತೆ ಮೂರಡಿ ಬೆಳೆದಾಗ ಎರಡಡಿಗೆ ಇಳಿಸಬೇಕು. ಎರಡು ಬಾರಿ ಹೀಗೆ ಮಾಡಿದ ಮೇಲೆ ಬೇಕಾದ ಎತ್ತರಕ್ಕೆ ಬಿಡಬಹುದು. ಬುಡ ಅಗಲ, ತಲೆ ಕಿರಿದಾಗಿರುವಂತೆ ಸವರಿದರೆ ಕೆಳಗಿನ ಕೊಂಬೆಗಳಿಗೂ ಬಿಸಿಲು ಸಿಗುತ್ತದೆ. ಸತ್ತ ಗಿಡದ ಜಾಗವನ್ನು ಮೊದಲ ವರ್ಷದಲ್ಲೇ ತುಂಬಬೇಕು. ನಂತರ ನೆಟ್ಟ ಗಿಡ ದೊಡ್ಡವುಗಳ ನೆರಳಿನಲ್ಲಿ ಮೇಲೇಳುವುದಿಲ್ಲ. ಮಳೆಗಾಲಕ್ಕೆ ಮೊದಲು ಬಸಿಗಾಲುವೆಯ ಹೂಳು ತೆಗೆದು ಆ ಮಣ್ಣನ್ನು ದಿಂಡಿಗೇ ಏರಿಸಬೇಕು.

ಒಂದು ಮಾದರಿ

100 ಅಡಿ ಉದ್ದ, 60 ಅಡಿ ಅಗಲದ ಹಿತ್ತಲು ಒಂದು ಅಗಲ ಬದಿಗೆ ಇಳಿಜಾರಾಗಿದೆ ಎಂದಿಟ್ಟುಕೊಳ್ಳೋಣ. ಸುತ್ತಳತೆ 320 ಅಡಿ. ಮೇಲಿನ ಬದಿಯಲ್ಲಿ ಬಾಗಿಲಿಗೆ 10 ಅಡಿ ಬಿಟ್ಟರೆ ಉಳಿಯುವುದು 310 ಅಡಿ.

ಮೇಲು ಭಾಗ, 150 ಅಡಿ: 2 ಅಡಿಗೊಂದರಂತೆ 75 ಗ್ಲಿರಿಸಿಡಿಯಾ ಕಡ್ಡಿ, ನಡುವೆ 75 ಆಡುಸೋಗೆ.

ನಡು ಭಾಗ, ಎರಡು ಪಕ್ಕದ ಕೆಳಗಿನ 50 ಅಡಿಗಳು ಸೇರಿ 100 ಅಡಿ: ದಿಂಡಿನ ಮೇಲೆ ಎರಡು ಸಾಲಿಗೆ 200 ಲಕ್ಕಿ ಕಡ್ಡಿ, ಮರುನಾಟಿಗೆ 30 ಹೆಚ್ಚಿಗೆ.

ತಳ ಭಾಗ, 60 ಅಡಿ: 15 ಕೇದಗೆ ಮರಿ, ದಿಂಡಿನ ಅಂಚಿಗೆ 120 ಲಾವಂಚದ ಬುಡ, ನಡುವೆ ಜೀನಂಗಿ ಬೀಜ, ಒಳಗೆ 5 ಅಡಿ ಸರಿದು 3 ಹೊಂಗೆ ಅಥವಾ ಹೊಳೆಮತ್ತಿ. ನೀರು ಹೊರಹೋಗುವ ಬಾಯಿಯನ್ನು ಬೇಲಿಯಿಂದ ಮುಚ್ಚದೆ, ಕಲ್ಲು ಅಥವಾ ಬಿದಿರಿನ ಜಾಲರಿ ಇಡಬೇಕು.

ಇದರಲ್ಲಿ ಹಣ ಕೊಟ್ಟು ತರಬೇಕಾದುದು ಅತಿ ಕಡಿಮೆ. ಕಡ್ಡಿಗಳು ಊರಿನಲ್ಲೇ ಸಿಗುತ್ತವೆ. ಹೊಂಗೆ, ಹೊಳೆಮತ್ತಿ, ನೇರಳೆ ಸಸಿಗಳಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಬೇಸಿಗೆಯಲ್ಲೇ ವಿಚಾರಿಸಬೇಕು.

ಕಾಡಿನ ಅಂಚಿನ ರೈತರಿಗೆ

ಎಚ್.ಡಿ. ಕೋಟೆ, ಸರಗೂರು, ಹುಣಸೂರು ಮತ್ತು ಪಿರಿಯಾಪಟ್ಟಣದ ಕಾಡಂಚಿನ ಊರುಗಳಲ್ಲಿ ಯಾವ ಗಿಡದ ಬೇಲಿಯೂ ಆನೆಯನ್ನು ತಡೆಯುವುದಿಲ್ಲ. ಅದಕ್ಕೆ ಕಂದಕ, ಸೌರ ಬೇಲಿ ಮುಂತಾದ ಬೇರೆ ಕ್ರಮಗಳೇ ಬೇಕು. ಆದರೆ ಬೇಸರದಿಂದ ಮನೆಯ ಕರೆಂಟನ್ನು ನೇರವಾಗಿ ತಂತಿಬೇಲಿಗೆ ಕೊಡುವ ಕೆಲಸ ಎಂದೂ ಬೇಡ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಒದ್ದೆ ನೆಲದಲ್ಲಿ ನಿಂತವರಿಗೆ ಆ ತಂತಿ ತಗಲಿದರೆ ಜೀವ ಉಳಿಯುವುದಿಲ್ಲ. ಸಾಯುವುದು ಬಹುಮಟ್ಟಿಗೆ ಆ ಮನೆಯವರೇ ಅಥವಾ ಅವರ ದನಗಳೇ.

ವಿಸ್ತರಣಾ ಕಾರ್ಯಕರ್ತರಿಗೆ

ಬೇಲಿಯ ಸಲಹೆ ಕೇಳಿ ಬಂದ ರೈತರಿಗೆ ಗಿಡದ ಹೆಸರು ಹೇಳುವ ಮೊದಲು ‘ನೀರು ಎಷ್ಟು ದಿನ ನಿಲ್ಲುತ್ತದೆ? ಎಲ್ಲಿಂದ ಬರುತ್ತದೆ?’ ಎಂಬ ಎರಡು ಪ್ರಶ್ನೆ ಕೇಳಿರಿ. ಊರಿಗೊಂದು ತಗ್ಗು ಹಿತ್ತಲನ್ನು ಆರಿಸಿ, ಆಗಸ್ಟ್‌ನಲ್ಲಿ ರೈತರೊಡನೆ ಗೂಟ ಹೊಡೆದು, ಮೇ ತಿಂಗಳಲ್ಲಿ ನಾಟಿ ಮಾಡಿ ತೋರಿಸಿರಿ. ಒಂದೇ ಬೇಲಿಯಲ್ಲಿ ಮೂರು ಬಗೆಯ ಗಿಡ ಏಕೆಂಬುದು ಕಣ್ಣಾರೆ ಕಂಡಾಗ ಬೇಗ ತಿಳಿಯುತ್ತದೆ.

ನೆನಪಿಡಬೇಕಾದ ಅಂಶಗಳು

1. ಬೇಸಿಗೆಯಲ್ಲಿ ಅಲ್ಲ, ಆಗಸ್ಟ್‌ನಲ್ಲಿ ಹಿತ್ತಲನ್ನು ಪರೀಕ್ಷಿಸಿರಿ.
2. ನಡು ಮತ್ತು ತಳ ಭಾಗಗಳಲ್ಲಿ ದಿಂಡಿಲ್ಲದೆ ನೆಡಬೇಡಿರಿ.
3. ಮೇಲಕ್ಕೆ ಗ್ಲಿರಿಸಿಡಿಯಾ ಮತ್ತು ಆಡುಸೋಗೆ, ನಡುವೆ ಲಕ್ಕಿ ಮತ್ತು ಹೊಂಗೆ, ತಳಕ್ಕೆ ಕೇದಗೆ ಮತ್ತು ಲಾವಂಚ.
4. ಕಣಗಿಲೆ, ಐಪೋಮಿಯಾ, ಲಂಟಾನ ಬೇಡ.
5. ಮೇ ತಿಂಗಳಲ್ಲಿ ಇಲ್ಲವೆ ಚಿತ್ತೆ ಮಳೆಯ ನಂತರ ನೆಡಿರಿ.
6. ಮೊದಲ ವರ್ಷ ಎರಡು ಬಾರಿ ಗಿಡ್ಡವಾಗಿ ಸವರಿರಿ, ಕಂಡಿಗಳನ್ನು ಆ ವರ್ಷವೇ ಮುಚ್ಚಿರಿ.